ಆಂಟೆನಾದ ಬೆನ್ನ ಹಿಂದಿನ ಕರಡಿಗೆ

ನನಗೆ ಮೂವತ್ತೈದು ವರ್ಷ, ನಾನು ನಿವೃತ್ತ. ನಗಬೇಡಿ. ಆಂಧ್ರದ ಗಡಿಯೂರು ಆದೋನಿಯ ಹೊರವಲಯದ ಇಂಜಿನಿಯರಿಂಗ್ ಕಾಲೇಜೊಂದರ ಮೈಕ್ರೋವೇವ್ ಲ್ಯಾಬಿನಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ಯೋಜನೆ ಮುಗಿಯಿತು, ಹುದ್ದೆಯೂ ಅದರ ಹಿಂದೆಯೇ ಹೋಯಿತು. ಹಾರ ಹಾಕಿ, ಶಾಲು ಹೊದಿಸಿ, ಒಳ್ಳೆಯ ಮಾತಾಡಿ ಕಳಿಸಿದರು. ಶಾಲು ಹೊದ್ದು ಹೊರಬಂದವನನ್ನು ನಿವೃತ್ತ ಎನ್ನದೆ ಇನ್ನೇನೆನ್ನುತ್ತಾರೆ? ಈಗ ಸಿಸಿ ಕ್ಯಾಮೆರಾ ಕೂಡಿಸಿಕೊಡುವ ಅಂಗಡಿ ಇಟ್ಟಿದ್ದೇನೆ. ಇಂಥ ಲ್ಯಾಬುಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಬಂದು, "ಅಣ್ಣಾ, ಅಲ್ಲಿ ಕೆಲಸ ಹೆಂಗಿರತೈತಿ?" ಎಂದು ಕೇಳುತ್ತಾರೆ. ಗಿರಾಕಿಗಳ ನಡುವೆ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ಮಾತು ಇದರಲ್ಲಿಲ್ಲ. ಬಡ್ತಿಗೂ ನನಗೂ ಪರಿಚಯವೇ ಆಗಲಿಲ್ಲ.

ನನಗೊಂದು ಹಳೆಯ ಕಾಯಿಲೆಯಿದೆ. ಎದುರಿಗೆ ಕೂತವರ ದನಿ ಸ್ವಲ್ಪ ಹೊತ್ತಿಗೆ ನನ್ನ ಬಾಯಿಗೆ ಬಂದುಬಿಡುತ್ತದೆ. ನಮ್ಮೂರು ಪೆದ್ದಹರಿವಾಣದಲ್ಲಿ ಅಪ್ಪನ ಕುರಿಗಳಿಂದ ಶುರುವಾದದ್ದು. ಕುರಿಗಳು ಮೋಸಹೋಗುತ್ತಿದ್ದವು, ಅಪ್ಪ ಹೋಗುತ್ತಿರಲಿಲ್ಲ. ಸಂದರ್ಶನದ ದಿನ ತೆಲುಗು ಮನೆಮಾತಿನ ಪ್ರೊಫೆಸರ್ ಪ್ರಭಾಕರ ಸಾರ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಒಂದೊಂದು ಪದವನ್ನೂ ತೂಗಿ ಇಡುವವರ ಹಾಗೆ, "ನಿನಗೆ... ಏನೇನು... ಬರತ್ತಯ್ಯಾ?" ಎಂದರು. "ಎಲ್ಲಾ... ಸ್ವಲ್ಪ ಸ್ವಲ್ಪ... ಬರತ್ತೆ ಸಾರ್" ಎಂದ ನನ್ನ ದನಿ ಅವರದೇ ಆಗಿತ್ತು. ಪಕ್ಕದಲ್ಲಿದ್ದವರು ಕೆಮ್ಮಿದರು. ಸಾರ್ ಸಿಟ್ಟಾಗಲಿಲ್ಲ.

"ಚೂಡಯ್ಯಾ, ನೋಡು, ನಮ್ಮ ಲ್ಯಾಬಲ್ಲಿ ಮಾಡೋದೇ ಅನುಕರಣೆ. ಮನುಷ್ಯನ ಮೈಯನ್ನ ಅನುಕರಿಸೋ ಗೊಂಬೆ ಮಾಡಬೇಕು. ಮಾಡ್ತೀಯಾ?"

"ಮಾತಾಡೋ ಗೊಂಬೇನಾ ಸಾರ್?"

"ಮಾತಾಡದಿರೋದು. ನಿನಗೆ ಕಷ್ಟ ಆಗಬಹುದು."

ಕೆಲಸ ಇದು. ಹೆಂಗಸರ ಎದೆಯಲ್ಲಿ ಗಡ್ಡೆಯಿದೆಯೇ ಎಂದು ಎಕ್ಸ್‌ರೇ ಇಲ್ಲದೆ, ಒತ್ತದೆ, ನೋಯಿಸದೆ ನೋಡುವ ಯಂತ್ರವೊಂದನ್ನು ನಾವು ಕಟ್ಟುತ್ತಿದ್ದೆವು. ತೂತಿರುವ ಒಂದು ಮರದ ಮೇಜು, ತೂತಿನ ಕೆಳಗೆ ಎಣ್ಣೆ ತುಂಬಿದ ಬಟ್ಟಲು, ಬಟ್ಟಲಿನ ಸುತ್ತ ಬಳೆಯಂತೆ ಜೋಡಿಸಿದ ಬೆಂಕಿಪೆಟ್ಟಿಗೆ ಗಾತ್ರದ ಆಂಟೆನಾಗಳು. ಹೆಂಗಸು ಬೋರಲು ಮಲಗಿದರೆ ಎದೆ ಎಣ್ಣೆಯೊಳಗೆ ಇಳಿಯುತ್ತದೆ. ಒಂದು ಆಂಟೆನಾ ಮೊಬೈಲಿಗಿಂತ ಕಡಿಮೆ ಶಕ್ತಿಯ ಅಲೆ ಕಳಿಸುತ್ತದೆ, ಉಳಿದವು ಕಿವಿಗೊಟ್ಟು ಕೇಳುತ್ತವೆ. ಕೊಬ್ಬಿನಲ್ಲಿ ಅಲೆ ಸರಾಗವಾಗಿ ಸಾಗುತ್ತದೆ. ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಅಲ್ಲಿ ಬಡಿದು ಚೆದುರುತ್ತದೆ. ಚೆದುರಿದ್ದನ್ನೆಲ್ಲ ಕೂಡಿಸಿ ಕಂಪ್ಯೂಟರ್ ಚಿತ್ರ ಬರೆಯುತ್ತದೆ. ಗಡ್ಡೆಯಿದ್ದಲ್ಲಿ ಹೊಳೆಯುವ ಚುಕ್ಕೆ.

ಎಣ್ಣೆ ಏಕೆಂದರೆ, ನಡುವೆ ಗಾಳಿಯಿದ್ದರೆ ಅಲೆಯ ಬಹುಪಾಲು ಚರ್ಮದ ಮೇಲಿಂದಲೇ ವಾಪಸಾಗುತ್ತದೆ. ನಾವು ಬಳಸಿದ್ದು ಹತ್ತಿಕಾಳೆಣ್ಣೆ. ಹತ್ತಿಯ ಊರಾದ ಆದೋನಿಯಲ್ಲಿ ಕೂತು ಬೇರೆ ಎಣ್ಣೆ ಹುಡುಕಿಕೊಂಡು ಹೋಗುವುದುಂಟೇ? ಆದರೆ ಬಿಸಿಲೇರಿದಂತೆ ಎಣ್ಣೆಯ ಗುಣ ಬದಲಾಗುತ್ತದೆ. ಅದನ್ನು ತಿಳಿಯುವುದರೊಳಗೆ ಒಂದು ಬೇಸಿಗೆಯ ಅಳತೆಯೆಲ್ಲ ಹಾಳಾಗಿತ್ತು. ಆಮೇಲೆ ಪ್ರತಿಸಲವೂ ಎಣ್ಣೆಯನ್ನು ಒಂದೇ ಹದಕ್ಕೆ ಬೆಚ್ಚಗೆ ಮಾಡುವುದು ನನ್ನ ಕೆಲಸವಾಯಿತು. ಹೊಸಬರೇ, ಎಣ್ಣೆಯ ಹದ ನೋಡದೆ ಅಲೆಯ ಮೇಲೆ ಸಿಟ್ಟಾಗಬೇಡಿ.

ಗೊಂಬೆ ಎಂದರೆ ಜಿಲೆಟಿನ್, ನೀರು, ಎಣ್ಣೆ ಬೆರೆಸಿ ಬಟ್ಟಲಲ್ಲಿ ಹೆಪ್ಪುಗಟ್ಟಿಸಿದ ಅಣಕು ಎದೆ. ಕೊಬ್ಬಿನ ಜಾಗಕ್ಕೆ ಎಣ್ಣೆ ಹೆಚ್ಚು, ಗ್ರಂಥಿಯ ಜಾಗಕ್ಕೆ ನೀರು ಹೆಚ್ಚು, ನಡುವೆ ಉಪ್ಪುನೀರಿನ ಒಂದು ಉಂಡೆ: ಅದೇ ಗಡ್ಡೆ. ಒಮ್ಮೆ ಲ್ಯಾಬಿನ ಫ್ರಿಜ್ಜು ಕೆಟ್ಟು ಮನೆಗೆ ತಂದಿಟ್ಟಿದ್ದೆ. ಅವ್ವ ಬೆರಳಲ್ಲಿ ಒತ್ತಿ ನೋಡಿ, "ಇದೇನೋ, ಗಿಣ್ಣ? ಇಷ್ಟು ಚೊಲೋ ಹೆಪ್ಪಾಗೈತಿ" ಎಂದಳು. ನನ್ನ ವೃತ್ತಿಜೀವನದಲ್ಲಿ ಸಿಕ್ಕ ನಿಷ್ಪಕ್ಷಪಾತ ಪ್ರಶಂಸೆ ಅದೊಂದೇ.

ಇನ್ನು ಆಂಟೆನಾ. ಬಟ್ಟಲಿನ ಸುತ್ತ ಹಿಡಿಸಬೇಕಾದರೆ ಚಿಕ್ಕದಿರಬೇಕು. ಚಿಕ್ಕದಾದರೆ ದನಿ ಕ್ಷೀಣ, ಮೇಲಾಗಿ ಮುಂದಕ್ಕೆಷ್ಟೋ ಹಿಂದಕ್ಕೂ ಅಷ್ಟೇ ಅಲೆ ಎರಚುತ್ತದೆ. ಅಲ್ಲಿಗೆ ಮೆಟಾಮೆಟೀರಿಯಲ್ ಬರುತ್ತದೆ. ಹೆಸರು ದೊಡ್ಡದು, ಒಳಗಿರುವುದು ತಾಮ್ರ. ತೆಳುಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಸೀಳಿದ ಉಂಗುರಗಳನ್ನು ಸಾಲುಸಾಲಾಗಿ ಮೂಡಿಸಿದರೆ, ತಾಮ್ರಕ್ಕೆ ಇಲ್ಲದ ಗುಣ ಆ ಸಾಲಿಗೆ ಬರುತ್ತದೆ. ಅದನ್ನು ಆಂಟೆನಾದ ಬೆನ್ನಿಗೆ ಇಟ್ಟರೆ ಹಿಂದೆ ಹೋಗುವ ಅಲೆಯನ್ನು ಮುಂದಕ್ಕೇ ತಿರುಗಿಸುತ್ತದೆ. ಉಣ್ಣೆಯ ಎಳೆಗೆ ಮಳೆ ತಡೆಯುವ ಶಕ್ತಿಯಿಲ್ಲ, ಕಂಬಳಿಯ ನೇಯ್ಗೆಗೆ ಇದೆಯಲ್ಲ, ಹಾಗೆ ಎಂದು ಅಪ್ಪನಿಗೆ ವಿವರಿಸಿದೆ.

"ಹಂಗಾರ ನೀನು ತಾಮ್ರದ ಕಂಬಳಿ ನೇಯಾಕ ಹತ್ತೀದಿ," ಎಂದ ಅಪ್ಪ. "ಮೊದ್ಲ ಉಣ್ಣೀದು ಕಲಿಬೇಕಿತ್ತು."

ಅವನ ಮಾತು ಸುಳ್ಳಾಗಲಿಲ್ಲ. ಕಂಪ್ಯೂಟರಿನಲ್ಲಿ ನಮ್ಮ ಉಂಗುರಗಳು ದೇವಲೋಕದವು. ನಿಜವಾದ ಹಲಗೆಯನ್ನು ತಾಮ್ರ ಕರಗಿಸುವ ದ್ರಾವಣದಲ್ಲಿಟ್ಟು ನಾನು ಚಹಾಕ್ಕೆ ಹೋದೆ; ಬರುವುದರೊಳಗೆ ಸೀಳುಗಳು ಅಗಲವಾಗಿ, ಉಂಗುರಗಳು ಬೇರೆಯೇ ಶ್ರುತಿಗೆ ಹೋಗಿದ್ದವು. ಸಾರ್ ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಏಮಯ್ಯಾ... ಚಹಾ... ಚೆನ್ನಾಗಿತ್ತಾ?" ಎಂದರು. ಮುಂದೆ ಹಲಗೆಗಳು ಸರಿಯಾಗಿ ಬಂದವು. ಆದರೆ ಬೆನ್ನಿನ ಪದರವನ್ನೂ ಸೇರಿಸಿದರೆ ಮೇಜಿನ ಕೆಳಗೆ ಬಳೆ ಹಿಡಿಸಲಿಲ್ಲ. ಸಾರ್ ಆ ಪದರವನ್ನು ಬಿಟ್ಟುಬಿಡೋಣ ಎಂದರು. "ಹಿಂದೆ ಬರೀ ಮರ ಕದಾ. ಮರ ಪ್ರತಿಸಲ ಒಂದೇ ಥರ ಕಾಣತ್ತೆ, ಲೆಕ್ಕದಲ್ಲಿ ಕಳೆದುಬಿಡಬಹುದು." ಗೊಂಬೆಗಳ ಮೇಲೆ ಅದು ಸೊಗಸಾಗಿ ನಡೆಯಿತು. ಗೊಂಬೆಗಳಿಗೆ ಕೊರಳಿಲ್ಲ ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅನುಮತಿಗಳೆಲ್ಲ ಸಿಕ್ಕಮೇಲೆ ಯಂತ್ರವನ್ನು ಊರಿನ ಒಂದು ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಡಾಕ್ಟರ್ ಶಾಹಿದಾ ಮೇಡಂ. ಮೊದಲ ದಿನವೇ ಅವರು ಕಟ್ಟುನಿಟ್ಟಾಗಿ ಹೇಳಿದರು: "ಸುನೋ ಜೀ, ನಿಮ್ಮ ಮಿಷಿನ್ನು ಇನ್ನೂ ಸ್ಕೂಲಿಗೆ ಹೋಗೋ ಬಚ್ಚಾ. ಪ್ರತಿ ಹೆಂಗಸಿಗೂ ನನ್ನ ಸ್ಕ್ಯಾನಿಂಗ್ ಆಗಬೇಕು. ತೀರ್ಮಾನ ನಂದು. ನಿನ್ನ ಬಾಯಿಂದ ಒಬ್ಬರಿಗೂ ಫಲಿತಾಂಶ ಹೋಗಬಾರದು. ಯಾರ ದನಿಯಲ್ಲೂ."

ನಾನು ಪರದೆಯ ಈಚೆ ಕಂಪ್ಯೂಟರಿನ ಮುಂದೆ. ಆಚೆ ಹೆಂಗಸರು ಮತ್ತು ಅವರನ್ನು ಮಲಗಿಸಿ ನೋಡಿಕೊಳ್ಳುವ ನರ್ಸ್ ರತ್ನಮ್ಮ. ಕೋಸಗಿಯಿಂದ, ದೇವನಕೊಂಡದಿಂದ ಬಂದವರು ಮೊದಲು ಹೆದರುತ್ತಿದ್ದರು. ನಾನು ಈಚೆಯಿಂದ ಬಸ್ ಕಂಡಕ್ಟರನ ದನಿ, ರೈಲ್ವೆ ಘೋಷಣೆಯ ದನಿ ತೆಗೆದರೆ ಭಯ ಇಳಿಯುತ್ತಿತ್ತು. ಬೆಚ್ಚನೆಯ ಎಣ್ಣೆ, ನೋವಿಲ್ಲ, ಒತ್ತುವುದಿಲ್ಲ. ಬಟ್ಟಲಿನ ಮೇಲೆ ಅವರಿಗೆ ಪ್ರೀತಿಯೇ ಹುಟ್ಟಿತು.

ಕೆಲವು ದಿನಗಳಲ್ಲಿ ಚುಕ್ಕೆ ಕಂಡಿತು. ಎಡ ಕಂಕುಳ ಕಡೆಯ ಮೂಲೆಯಲ್ಲಿ, ಹೊಳೆಯುವ ದಪ್ಪ ಚುಕ್ಕೆ. ಸಾರ್ ಕುರ್ಚಿಯಿಂದೆದ್ದು ನಿಂತರು. ಮೇಡಂ ಸ್ಕ್ಯಾನಿಂಗ್ ಮಾಡಿ, ಏನೂ ಇಲ್ಲ ಎಂದರು. ಮತ್ತೊಬ್ಬರಿಗೆ ಅದೇ ಮೂಲೆ, ಅದೇ ಚುಕ್ಕೆ. ಅಲ್ಲಿಯೂ ಏನಿಲ್ಲ. ಎಲ್ಲರಿಗೂ ಬಾರದೆ ಕೆಲವರಿಗಷ್ಟೇ ಬರುತ್ತಿತ್ತು. ತಂತಿ ಬದಲಿಸಿದೆವು, ಎಣ್ಣೆ ಬದಲಿಸಿದೆವು. ಕೊನೆಗೆ ಒಂದು ಮಧ್ಯಾಹ್ನ ಬಟ್ಟಲಿನಲ್ಲಿ ಗೊಂಬೆಯಿಟ್ಟು ಪರೀಕ್ಷಿಸುತ್ತಿದ್ದಾಗ ರತ್ನಮ್ಮ ಮೇಜು ಒರೆಸಲು ಬಗ್ಗಿದರು. ಚುಕ್ಕೆ ಬಂತು. ಎದ್ದರು, ಹೋಯಿತು.

"ರತ್ನಮ್ಮಾ, ಮೈಮೇಲೆ ಲೋಹ ಏನದೆ?" ಎಂದರು ಮೇಡಂ.

"ಏನಿಲ್ರಿ ಮೇಡಂ. ಬಳಿ, ಓಲಿ, ತಾಳಿ, ಎಲ್ಲಾ ಬಿಚ್ಚಿಟ್ಟೀನಿ. ಬಂದೋರಿಗೂ ಹಂಗ ಹೇಳಿ ಬಿಚ್ಚಸ್ತೀನಿ."

"ಸೆರಗಿನೊಳಗೆ ಉಬ್ಬಿದೆಯಲ್ಲ, ಅದು?"

"ಅದು ಲಿಂಗ ಅಲ್ಲೇನ್ರಿ!"

"ಅದರ ಡಬ್ಬಿ ಬೆಳ್ಳೀದಲ್ವಾ?"

ರತ್ನಮ್ಮ ಕರಡಿಗೆಯನ್ನು ಹೊರತೆಗೆದು ಮೊದಲ ಸಲ ಕಂಡವರಂತೆ ನೋಡಿದರು. "ಬೆಳ್ಳೀದ... ಆದ್ರ ಇದು ಸಾಮಾನಲ್ಲಲ್ರಿ. ಮೈ ಇದು."

ಯಾರೂ ಸುಳ್ಳು ಹೇಳಿರಲಿಲ್ಲ. ಆಭರಣ, ಲೋಹ ಎಲ್ಲ ತೆಗೆಯಿರಿ ಎಂದರೆ ಲಿಂಗ ಧರಿಸಿದ ಹೆಂಗಸರು ಎಲ್ಲವನ್ನೂ ತೆಗೆಯುತ್ತಿದ್ದರು. ಲಿಂಗವನ್ನು ತೆಗೆಯುವ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಕೈಬೆರಳನ್ನು ಯಾರಾದರೂ ಬಿಚ್ಚಿಡುತ್ತಾರೆಯೇ? ಬೋರಲು ಮಲಗಿದರೆ ಒತ್ತುತ್ತದೆಂದು ಕರಡಿಗೆಯನ್ನು ಎಡ ಕಂಕುಳ ಕಡೆಗೆ ಸರಿಸಿಕೊಳ್ಳುತ್ತಿದ್ದರು. ಅಲ್ಲೇ ಕೆಳಗೆ ನಮ್ಮ ಆಂಟೆನಾ, ಬೆನ್ನಿಗೆ ಕಂಬಳಿಯಿಲ್ಲದೆ. ಅದು ಹಿಂದಕ್ಕೆ ಎರಚಿದ ಅಲೆ ಬೆಳ್ಳಿಗೆ ಬಡಿದು ವಾಪಸಾಗಿ ಚುಕ್ಕೆಯಾಗುತ್ತಿತ್ತು.

ಆಗ ಸಾರ್ ಒಂದು ಉಪಾಯ ಮಾಡಿದರು. "ದೇವರ ವಿಷಯ ಕದಾ. ತೆಗೀರಿ ಅಂತ ಕೇಳೋದು ಮರ್ಯಾದೆ ಅಲ್ಲ." ಲಿಂಗ ಧರಿಸಿದವರ ಚಿತ್ರದಲ್ಲಿ ಆ ಮೂಲೆಯನ್ನೇ ಲೆಕ್ಕಕ್ಕೆ ಹಿಡಿಯದೆ ಬೂದು ಬಣ್ಣ ತುಂಬುವಂತೆ ಪ್ರೋಗ್ರಾಮ್ ತಿದ್ದಿದರು. ಬಣ್ಣ ಆರಿಸಿದ್ದು ನಾನು. ಚಿತ್ರಗಳು ಸ್ವಚ್ಛವಾದವು. ಮೇಡಂಗೆ ಹೇಳಿದಾಗ, "ಚಿತ್ರ ನಿಮ್ಮದು, ಏನಾದರೂ ಮಾಡ್ಕೊಳ್ಳಿ, ನಾನು ನೋಡೋದು ನನ್ನ ಸ್ಕ್ಯಾನಿಂಗು" ಎಂದು ವಾರ್ಡಿಗೆ ಹೋದರು. ಸಾರ್ ಖುಷಿಗೆ ಮಿರ್ಚಿ ತರಿಸಿದರು. ಯಾರ ಮನಸ್ಸನ್ನೂ ನೋಯಿಸದೆ ಗೆದ್ದೆವೆಂದು ತಿಂದೆವು.

ಆ ಹೊತ್ತಿಗೆ ನೀಲಮ್ಮನವರು ಬಂದರು. ಹತ್ತಿ ವ್ಯಾಪಾರದ ಮನೆತನ, ಐವತ್ತರ ಆಸುಪಾಸು, ಗಟ್ಟಿ ದನಿ. ಅವರ ಕೈಗೇ ಎಡ ಕಂಕುಳ ಹತ್ತಿರ ಒಂದು ಗಂಟು ಸಿಕ್ಕಿತ್ತು. ಮೇಡಂ ಸ್ಕ್ಯಾನಿಂಗ್ ಮಾಡಿ, ಅನುಮಾನವಿದೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು ಎಂದಿದ್ದರು. ನೀಲಮ್ಮನವರಿಗೆ ಗಂಟಿಗಿಂತ ಸೂಜಿಯ ಭಯ. ಸೂಜಿ ತಾಗಿದರೆ ರೋಗ ಮೈಯೆಲ್ಲ ಹರಡುತ್ತದೆಂದು ಯಾರೋ ತಲೆಗೆ ತುಂಬಿದ್ದರು. ಮೇಡಂ ಎಷ್ಟು ತಿಳಿಹೇಳಿದರೂ ಒಂದೇ ಹಟ: "ಆ ಎಣ್ಣಿ ಬಟ್ಟಲದಾಗ ನೋಡ್ರಿ. ಅದರಾಗ ಇಲ್ಲಂದ್ರ ನಾ ಮನಿಗೆ ಹೋಗಾಕಿನ."

"ಅಮ್ಮಾ, ಅದು ಇನ್ನೂ ಕಲೀತಿರೋ ಮಿಷಿನ್ನು. ಅದರ ಮೇಲೆ ಜೀವ ಇಡಬೇಡಿ. ಬಟ್ಟಲಲ್ಲಿ ಮಲಗ್ತೀನಂದ್ರೆ ಮಲಗಿ, ಸೂಜಿ ಬಿಡೋ ಹಾಗಿಲ್ಲ" ಎಂದು ಮೇಡಂ ಆಪರೇಷನ್ ಕೋಣೆಗೆ ಹೋದರು.

ನಾನು ಪರದೆಯ ಈಚೆಯಿಂದ ಮಾರುಕಟ್ಟೆಯ ಹತ್ತಿ ಹರಾಜಿನ ಕೂಗು ತೆಗೆದೆ. ಆಚೆ ನಗು ಚಿಮ್ಮಿತು.

"ನಗಬ್ಯಾಡ್ರಿ ಅವ್ವಾರ, ಎಣ್ಣಿ ಅಲ್ಲಾಡತೈತಿ."

"ನೀ ನಗಸಬ್ಯಾಡಲೋ ಹಂಗಾದ್ರ! ನಮ್ಮ ಯಜಮಾನ್ರು ಹಿಂಗ ಒದರತಾರ, ಥೇಟ್!"

ಚಿತ್ರ ಬಂತು, ಸ್ವಚ್ಛ. ಮೂಲೆಯಲ್ಲಿ ಬೂದು ಬಣ್ಣ. ಬಾಗಿಲಿಂದ ಇಣುಕಿದ ಯಜಮಾನರಿಗೆ ಅಷ್ಟೇ ಸಾಕಾಯಿತು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಸಾಫ್ ಐತಿ ನೋಡು! ಮಿಷಿನ್ನ ಇಲ್ಲ ಅಂದಮ್ಯಾಲೆ ಸೂಜಿ ಯಾಕ? ಕಾರ್ ತರತೀನಿ, ನೀ ಸೀರಿ ಸರಿಮಾಡ್ಕೊಂಡು ಬಾ" ಎಂದು ಹೊರಟೇಹೋದರು. ನಾನು ಬಾಯಿ ತೆಗೆಯುವುದರೊಳಗೆ ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿದಿತ್ತು.

ನೀಲಮ್ಮನವರು ಸೀರೆ ಉಟ್ಟು ಪರದೆ ಸರಿಸಿ ನನ್ನ ಮುಂದೆ ಬಂದು ನಿಂತರು. ನಗು ಇರಲಿಲ್ಲ.

"ತಮ್ಮಾ, ನೀ ಡಾಕ್ಟರಮ್ಮನ ದನಿ ತೆಗೀತೀಯಂತಲ್ಲ?"

"ತೆಗೀತೀನ್ರಿ."

"ಆಕಿ ದನಿಯಾಗ ಒಂದ್ ಮಾತು ಅನ್ನು. 'ಏನೂ ಇಲ್ಲ ಅಮ್ಮಾ, ಮನೆಗೆ ಹೋಗಿ' ಅನ್ನು. ಅದೊಂದು ಕೇಳಿ ಹೋಗ್ತೀನಿ."

ಆ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಮೇಡಂ ಮೂಗಿನಿಂದ ಶುರುಮಾಡಿ ಕೊನೆಯ ಅಕ್ಷರವನ್ನು ಎತ್ತುವ ರೀತಿ, ಅದನ್ನು ಆಸ್ಪತ್ರೆಯಲ್ಲಿ ನನ್ನಷ್ಟು ಚೆನ್ನಾಗಿ ಮಾಡುವವರಿರಲಿಲ್ಲ. ಆದರೆ ನೀಲಮ್ಮನವರ ಬಲಗೈ ಸೀರೆಯ ಮೇಲಿಂದ ಎಡ ಕಂಕುಳ ಹತ್ತಿರ ಒಂದು ಜಾಗವನ್ನು ಒತ್ತಿಕೊಂಡಿತ್ತು. ನಾನು ಚಿತ್ರ ನೋಡಿದೆ. ಆ ಜಾಗವೇ ಬೂದು. ಬೂದು ಎಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ. ಅಲ್ಲಿ ನೋಡಿಲ್ಲ ಎಂದು.

"ಆಗಂಗಿಲ್ರಿ ಅವ್ವಾರ," ಎಂದೆ.

ಅವರು ಹುಬ್ಬೇರಿಸಿದರು. "ಇದ್ಯಾರ ದನಿ?"

"ನಂದ ರಿ."

"ಇಷ್ಟು ಸಣ್ಣದೈತೇನು?"

"ಬಳಸೋದು ಕಡಿಮಿ ರಿ." ನಂತರ ಹೇಳಿದೆ. ಆ ಮೂಲೆಯನ್ನು ಯಂತ್ರ ನೋಡಿಲ್ಲ, ನೋಡಬೇಡವೆಂದು ನಾವೇ ಹೇಳಿದ್ದೇವೆ, ಕರಡಿಗೆಯ ಬೆಳ್ಳಿ ಗಡ್ಡೆಯಂತೆ ಕಾಣುತ್ತದೆ ಎಂದು.

ಅವರ ಮುಖ ಕೆಂಪಾಯಿತು. "ನನ್ನ ಕೊರಳಾಗ ಲಿಂಗ ಐತಂತ ನನ್ನ ಗಂಟು ನೋಡಲಿಲ್ಲ ನೀವು? ಒಂದ್ ಮಾತು ಕೇಳಾಕ ಏನಾಗಿತ್ತು ನಿಮಗ?"

"ದೇವರ ವಿಷಯ, ಹೆಂಗ ಕೇಳೋದಂತ..."

"ನಿಮಗ್ಯಾಕೋ ದೇವರ ಚಿಂತಿ? ಅದು ನಂದು." ಅವರು ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬೆರಳು ಮುಚ್ಚಿದರು. ದಿನವೂ ಬೆಳಿಗ್ಗೆ ಪೂಜೆಗೆ ಹಾಗೆಯೇ ಇಟ್ಟುಕೊಂಡು ಕೂರುವವರು ಅವರು. "ಹಿಂಗ ಇದ್ರ ಮೈ ಬಿಟ್ಟಂಗ ಆಗಂಗಿಲ್ಲ. ರತ್ನಮ್ಮಾ, ಈ ಬೆಳ್ಳಿ ಡಬ್ಬಿ ಹಿಡಿ. ನಡಿ, ಎಣ್ಣಿ ಕಾಸು ಇನ್ನೊಮ್ಮಿ."

ಎರಡನೆಯ ಸಲ ಅವರು ಎಡಗೈಯನ್ನು ತಲೆಯ ಮುಂದೆ ಚಾಚಿ ಮಲಗಿದರೆಂದು ರತ್ನಮ್ಮ ಹೇಳಿದರು. ನಾನು ಬೂದು ಬಣ್ಣ ತೆಗೆದುಹಾಕಿದೆ. ಯಾವ ದನಿಯನ್ನೂ ತೆಗೆಯಲಿಲ್ಲ. ಚಿತ್ರ ನಿಧಾನವಾಗಿ ಮೂಡಿತು. ಕರಡಿಗೆಯ ದಪ್ಪ ಹೊಳಪು ಇರಲಿಲ್ಲ. ಅವರು ಬೆರಳಿಟ್ಟಿದ್ದ ಜಾಗದಲ್ಲಿ ಚಿಕ್ಕ, ಮಸುಕಾದ ಒಂದು ಚುಕ್ಕೆ.

"ಕಾಣತೈತೇನು?" ಎಂದಿತು ಆಚೆಯ ದನಿ.

"ನಾ ಹೇಳಾಕ ಬರಂಗಿಲ್ರಿ. ಮೇಡಂ ಬರ್ಲಿ."

ಎಣ್ಣೆ ಅಲ್ಲಾಡಲಿಲ್ಲ. ಆಮೇಲೆ ನೀಲಮ್ಮನವರು ಅಂದರು, "ರತ್ನಮ್ಮಾ, ನಮ್ಮ ಯಜಮಾನ್ರಿಗೆ ಹೇಳು. ಕಾರ್ ಬಂದ್ ಮಾಡ್ರಿ ಅನ್ನು."

ಸೂಜಿ ಹಾಕಿದರು. ಗಡ್ಡೆ ಕೆಟ್ಟದ್ದೇ ಆಗಿತ್ತು. ಆದರೆ ಚಿಕ್ಕದಿತ್ತು, ಹರಡಿರಲಿಲ್ಲ. ಕರ್ನೂಲಿನಲ್ಲಿ ಆಪರೇಷನ್ ಆಯಿತು. ಯಂತ್ರ ಗೆದ್ದಿತೆಂದು ನೀವು ಬರೆದುಕೊಳ್ಳಬೇಡಿ. ಗಂಟನ್ನು ಮೊದಲು ಕಂಡದ್ದು ಅವರ ಬೆರಳು, ಆಮೇಲೆ ಮೇಡಂ ಸ್ಕ್ಯಾನಿಂಗು. ನಮ್ಮ ಯಂತ್ರ ಇನ್ನೇನು ಅವರನ್ನು ಮನೆಗೆ ಕಳಿಸಿಬಿಡುತ್ತಿತ್ತು.

ಸಾರ್ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಮೇಡಂ ಹೇಳಿದರು, ಇಂಥ ಗಡ್ಡೆ ಹೆಚ್ಚಾಗಿ ಹುಟ್ಟುವುದೇ ಆ ಮೂಲೆಯಲ್ಲಿ ಎಂದು. "ಕೇಳಬೇಕಿತ್ತು ಕದಾ," ಎಂದರು ಸಾರ್, ಪದಗಳ ನಡುವೆ ಬಿಡುವಿಲ್ಲದೆ. ಬೂದು ಮೂಲೆಯನ್ನು ಪ್ರೋಗ್ರಾಮಿನಿಂದ ತೆಗೆದುಹಾಕಿದರು. ಹಳೆಯ ಚಿತ್ರಗಳನ್ನು ಲೆಕ್ಕದಿಂದ ಕೈಬಿಟ್ಟರು. ಯಂತ್ರದ ಬಗ್ಗೆ ಬರೆಯುತ್ತಿದ್ದ ಲೇಖನ ಅಲ್ಲಿಗೇ ನಿಂತಿತು. ಬಡಗಿಯನ್ನು ಕರೆಸಿ ಮೇಜಿನ ಅಡಿಯನ್ನು ಕೆತ್ತಿಸಿ ಜಾಗ ಮಾಡಿಸಿದರು. ಕೈಬಿಟ್ಟಿದ್ದ ಬೆನ್ನಿನ ಪದರವನ್ನು ನಾವು ಮತ್ತೆ ಹಿಡಿದೆವು. ಉಂಗುರಗಳನ್ನು ಇನ್ನೂ ಒತ್ತಾಗಿ ಜೋಡಿಸಿ, ಹಲಗೆಯನ್ನು ಇನ್ನೂ ತೆಳುವಾಗಿಸಿ, ತಿಂಗಳುಗಟ್ಟಲೆ ಮಾಡಿದ್ದನ್ನೇ ಮಾಡಿದೆವು. ನಾನು ಆ ದ್ರಾವಣದ ತಟ್ಟೆಯ ಮುಂದೆಯೇ ನಿಂತು ಚಹಾ ಕುಡಿದೆ. ರತ್ನಮ್ಮ ಕರಡಿಗೆ ಧರಿಸಿಕೊಂಡೇ ಮೇಜಿನ ಮೇಲೆ ಎಲ್ಲೆಲ್ಲಿ ಬಗ್ಗಿದರೂ ಗೊಂಬೆಯ ಚಿತ್ರ ಅಲುಗಾಡದ ದಿನ ಸಾರ್ ನನ್ನ ದನಿಯನ್ನು ಅಣಕಿಸಿದರು. ಬಹಳ ಕೆಟ್ಟದಾಗಿ ಮಾಡಿದರು.

ಯೋಜನೆ ಮುಗಿಯುವ ಮೊದಲು ನೀಲಮ್ಮನವರು ಇನ್ನೊಂದು ಕಡೆಯ ಎದೆಯ ತಪಾಸಣೆಗೆ ಬಂದರು. ಬಿದ್ದ ಕೂದಲು ಮತ್ತೆ ಬೆರಳುದ್ದ ಬೆಳೆದಿತ್ತು. ಮೇಡಂ ಸ್ಕ್ಯಾನಿಂಗ್ ಮುಗಿಸಿದ ಮೇಲೆ, ಬಟ್ಟಲಲ್ಲೂ ಮಲಗುತ್ತೇನೆಂದು ತಾವೇ ಕೇಳಿದರು. ಸಾರ್ ಹೆಮ್ಮೆಯಿಂದ ಎದ್ದುನಿಂತು, ತಿಳಿದಷ್ಟು ಕನ್ನಡವನ್ನೆಲ್ಲ ಕೂಡಿಸಿ, ಈಗ ಲಿಂಗ ಎಲ್ಲಿದ್ದರೂ ತೊಂದರೆಯಿಲ್ಲ, ಆಂಟೆನಾ ಹಿಂದೆ ನೋಡುವುದನ್ನು ಬಿಟ್ಟಿದೆ, ಕೊರಳಲ್ಲೇ ಇಟ್ಟುಕೊಳ್ಳಿ ಎಂದು ವಿವರಿಸಿದರು.

ನೀಲಮ್ಮನವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕರಡಿಗೆ ತೆರೆದು, ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಮಿಷಿನ್ನಿಗೆ ಬ್ಯಾಡಾದ್ರ ಬಿಡ್ರಿ ಸಾರ್," ಎಂದರು. "ಹೆದರಿಕಿ ಆಗೋದು ನನಗ. ಕೈಯಾಗ ಇರ್ಲಿ."

ಸಾರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಎಣ್ಣೆಗೆ ಬೆರಳಿಟ್ಟು ಹದ ನೋಡಿ, ಪರದೆ ಎಳೆದೆ.